ಉದುರಿದ ಎಲೆ, ಒದಗದ ನೀರು

ಶಿವರಾತ್ರಿಯಿಂದ ಯುಗಾದಿಯವರೆಗೆ ಗದಗ ಜಿಲ್ಲೆಯಲ್ಲಿ ಎಲೆ ಉದುರುವ ಕಾಲ. ಬೇವು, ಅರಳಿ, ಹುಣಸೆ, ಹೊಂಗೆ ಹೆಚ್ಚುಕಡಿಮೆ ಒಟ್ಟಿಗೇ ಮೈ ಕೊಡವುತ್ತವೆ. ಗುಡಿಯ ಕಟ್ಟೆ, ಶಾಲೆಯ ಅಂಗಳ, ಬಸ್ ನಿಲ್ದಾಣ, ಮನೆಯ ಹಿತ್ತಲು ಎಲ್ಲ ಕಡೆಯೂ ಕಸಬರಿಗೆ ಆಡುತ್ತದೆ, ಎಲೆ ಗುಡ್ಡೆ ಬೀಳುತ್ತದೆ, ಸಂಜೆಯೊಳಗೆ ಯಾರೋ ಕಡ್ಡಿ ಗೀರುತ್ತಾರೆ. ಕಾಮದಹನದ ಬೆಂಕಿಗೆ ನನ್ನ ತಕರಾರಿಲ್ಲ. ಅದು ವರ್ಷಕ್ಕೊಂದು ರಾತ್ರಿಯದು. ತಕರಾರು ಇರುವುದು ಅದರ ಹಿಂದೆ ಮುಂದೆ ದಿನವೂ ಏಳುವ ಹೊಗೆಯ ಬಗ್ಗೆ. 'ಎಲೆ ಸುಡಬೇಡಿ, ಗೊಬ್ಬರ ಮಾಡಿ' ಎಂಬ ಮಾತನ್ನು ನೀವು ಈ ಬಾನುಲಿಯಲ್ಲೂ ಬೇರೆ ಕಡೆಗಳಲ್ಲೂ ಬೇಕಾದಷ್ಟು ಸಲ ಕೇಳಿದ್ದೀರಿ. ಆದರೂ ಎಲೆ ಸುಡುವುದು ನಿಂತಿಲ್ಲ. ಜನ ಸೋಮಾರಿಗಳು ಎಂದು ಇದಕ್ಕೆ ಕಾರಣ ಹೇಳುವವರನ್ನು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಎದ್ದು ಅಷ್ಟು ದೊಡ್ಡ ಅಂಗಳ ಗುಡಿಸುವವರು ಸೋಮಾರಿಗಳಾಗುವುದು ಹೇಗೆ? ಕೊರತೆ ಇರುವುದು ಆ ಉಪದೇಶದಲ್ಲೇ. ಅದು ಮಳೆ ಧಾರಾಳವಾಗಿರುವ ಸೀಮೆಗಳಿಂದ ಬಂದ ಉಪದೇಶ. ನಮ್ಮಲ್ಲಿ ಎಲೆ ಬೀಳುವ ತಿಂಗಳಲ್ಲಿ ನೀರಿರುವುದಿಲ್ಲ, ನೀರು ಬರುವ ಹೊತ್ತಿಗೆ ಎಲೆ ಉಳಿದಿರುವುದಿಲ್ಲ. ಈ ಅಂತರವನ್ನು ತುಂಬುವ ವಿಧಾನ ಹೇಳದೆ ಬರಿಯ ಗೊಬ್ಬರದ ಮಹಿಮೆ ಹೇಳಿದರೆ ಕಡ್ಡಿಪೆಟ್ಟಿಗೆಯೇ ಗೆಲ್ಲುತ್ತದೆ. ಅಂಥ ವಿಧಾನ ಒಂದಿದೆ, ಅದು ಕನ್ನಡ ನಾಡಿನಲ್ಲೇ ರೂಪುಗೊಂಡದ್ದು, ಬಯಲುಸೀಮೆಯ ಹಿತ್ತಲಿಗೆ ಅದೇ ಸರಿಹೊಂದುತ್ತದೆ ಎಂಬುದು ಇಂದಿನ ನನ್ನ ವಾದ.

ಉದಾಹರಣೆಗೆ ಡೋಣಿಯನ್ನೇ ತೆಗೆದುಕೊಳ್ಳೋಣ. ಮುಂಡರಗಿ ತಾಲೂಕಿನ ಈ ಊರು ಕಪ್ಪತಗುಡ್ಡದ ಅಡಿಯಲ್ಲಿದೆ. ಗುಡ್ಡದ ಬುಡದ ನೆಲ ಗರಸು ಬೆರೆತ ಮಸಾರಿ. ಬಯಲಿಗೆ ಇಳಿದಂತೆ ಎರೆಭೂಮಿ ಹರಡಿಕೊಳ್ಳುತ್ತದೆ. ವರ್ಷದ ಮಳೆ ಸುಮಾರು 600 ಮಿ.ಮೀ.; ಅದರ ಬಹುಭಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಂದು ಹೋಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಿದ್ದ ಎಲೆಯ ಮುಂದೆ ಮೂರು ತಿಂಗಳ ಸುಡುಬಿಸಿಲು ಕಾದಿರುತ್ತದೆ. ಇಂಗ್ಲೆಂಡಿನ ತೋಟಗಾರಿಕೆಯ ಪುಸ್ತಕಗಳು ಎಲೆಗಳನ್ನು ತಂತಿಬಲೆಯ ಗೂಡಿನಲ್ಲಿ ತುಂಬಿ ಒಂದೆರಡು ವರ್ಷ ಮರೆತುಬಿಡಿ ಎನ್ನುತ್ತವೆ. ಅಲ್ಲಿ ಎಲೆ ಉದುರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಅದರ ಬೆನ್ನಿಗೇ ಆರು ತಿಂಗಳ ತೇವ, ಚಳಿ, ಜಿಟಿಜಿಟಿ ಮಳೆ. ಮರೆತರೂ ಎಲೆ ಕೊಳೆಯುತ್ತದೆ. ಅಷ್ಟು ದೂರ ಹೋಗುವುದೂ ಬೇಡ, ಶಿರಸಿ, ಸಿದ್ದಾಪುರದ ಅಡಕೆ ತೋಟಿಗರನ್ನು ನೋಡಿ. ತೋಟಕ್ಕೆಂದು ಬಿಟ್ಟ ಕಾಡಾದ ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ದರಕು ಎಂಬ ಒಣ ಎಲೆ ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿಗೆಯಾಗಿ, ಗಂಜಲ ಹೀರಿಕೊಂಡು, ಅರ್ಧ ಕೊಳೆತು ಗೊಬ್ಬರದ ಗುಂಡಿಗೆ ಹೋಗುತ್ತದೆ. ಮಿಕ್ಕ ಕೆಲಸವನ್ನು ಮಲೆನಾಡಿನ ಮಳೆ ಮಾಡಿ ಮುಗಿಸುತ್ತದೆ. ಇಂಥ ಕಡೆಯ ಅನುಭವವನ್ನು ಡೋಣಿಗೆ ತಂದು 'ಹಿತ್ತಲ ಮೂಲೆಯಲ್ಲಿ ಎಲೆ ಒಟ್ಟಿಡಿ, ತಾನಾಗಿ ಗೊಬ್ಬರವಾಗುತ್ತದೆ' ಎಂದರೆ ಏನಾಗುತ್ತದೆ? ಮಾರ್ಚ್‌ನಲ್ಲಿ ಒಟ್ಟಿದ ಎಲೆ ಮೇ ತಿಂಗಳಲ್ಲೂ ಎಲೆಯಾಗಿಯೇ ಇರುತ್ತದೆ. ಅರ್ಧ ಗಾಳಿಗೆ ಹಾರಿ ನೆರೆಯವರ ಅಂಗಳ ಸೇರುತ್ತದೆ. ನೆರೆಯವರು ಬಂದು ಕೂಗಾಡುವ ಮೊದಲು ಮನೆಯವರೇ ಬೆಂಕಿ ಹಚ್ಚುತ್ತಾರೆ. ಆ ಬೆಂಕಿಯನ್ನು ಅಜ್ಞಾನವೆಂದು ಬೈಯುವುದು ತಪ್ಪು. ಕೈಗೂಡದ ಸಲಹೆಯನ್ನು ಒಮ್ಮೆ ಪಾಲಿಸಿ ನೋಡಿದವರು ಅವರು.

ಎಲೆ ತಾನಾಗಿ ಕೊಳೆಯದೆ ಇರುವುದಕ್ಕೆ ನೀರಿನ ಜೊತೆಗೆ ಇನ್ನೊಂದು ಕಾರಣವೂ ಇದೆ. ಮರ ಎಲೆಯನ್ನು ಉದುರಿಸುವ ಮುನ್ನ ಅದರಲ್ಲಿರುವ ಬೆಲೆಬಾಳುವ ಸರಕನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಹೋಗಿ ಹಳದಿ ಬರುವುದು ಈ ವಾಪಸಾತಿಯ ಗುರುತು. ಎಲೆಯ ಸಾರಜನಕದಲ್ಲಿ ಸರಾಸರಿ ಅರ್ಧದಷ್ಟು ಹೀಗೆ ಕೊಂಬೆಗೆ ಮರಳುತ್ತದೆ. ನೆಲಕ್ಕೆ ಬೀಳುವುದು ಇಂಗಾಲ ತುಂಬಿದ, ಸುಣ್ಣದ ಅಂಶ ಉಳಿದ, ಸಾರಜನಕ ಬರಿದಾದ ಎಲೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಇದ್ದರೆ ಕೆಲಸ ಸಲೀಸು. ಒಣ ಎಲೆಯಲ್ಲಿ ಈ ಪ್ರಮಾಣ ಸಾಮಾನ್ಯವಾಗಿ 40ರಿಂದ 80ರವರೆಗೆ ಇರುತ್ತದೆ. 'ಹಾಗಾದರೆ ಎಲೆಯನ್ನು ನೇರವಾಗಿ ಮಣ್ಣಿಗೇ ಸೇರಿಸಿಬಿಡೋಣ' ಎಂದು ಹೊರಟವರು ಎಡವುವುದು ಇಲ್ಲೇ. ಹಸಿದ ಜೀವಾಣುಗಳು ಎಲೆಯಲ್ಲಿ ಸಿಗದ ಸಾರಜನಕವನ್ನು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ, ಮೇಲಿರುವ ಬದನೆ, ಮೆಣಸಿನ ಗಿಡಗಳು ಕೆಲವು ವಾರ ಹಳದಿಗಟ್ಟುತ್ತವೆ. ಎಲೆಯನ್ನು ಮಣ್ಣಿನ ಮೇಲೆ ಹೊದಿಕೆಯಾಗಿ ಹರಡುವುದು ಬೇರೆ ಮಾತು. ಅದು ಒಳ್ಳೆಯದೇ, ನೆಲದ ತೇವ ಉಳಿಯುತ್ತದೆ. ಮಣ್ಣಿನೊಳಕ್ಕೆ ಬೆರೆಸುವ ಮೊದಲು ಮಾತ್ರ ಅದು ಕೊಳೆತಿರಬೇಕು.

ಈಗ ನೀರಿನ ಲೆಕ್ಕಕ್ಕೆ ಬರೋಣ. ಇದನ್ನು ಹೇಳುವವರು ಕಡಿಮೆ, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಗೊಬ್ಬರ ಚೆನ್ನಾಗಿ ಕಳಿಯಬೇಕಾದರೆ ರಾಶಿಯ ತೂಕದಲ್ಲಿ ಶೇಕಡಾ 50ರಿಂದ 60ರಷ್ಟು ನೀರಿರಬೇಕು. ಬಿಸಿಲಲ್ಲಿ ಗರಿಗರಿಯಾದ 100 ಕಿಲೋ ಎಲೆಯಲ್ಲಿ ನೀರು ಹೆಚ್ಚೆಂದರೆ 10 ಕಿಲೋ. ಅದನ್ನು ಶೇಕಡಾ 55ಕ್ಕೆ ತರಲು 100 ಲೀಟರ್, ಶೇಕಡಾ 60ಕ್ಕೆ ತರಲು 125 ಲೀಟರ್ ನೀರು ಬೇಕು. ಅಂದರೆ ಎಲೆಯ ತೂಕದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು. ಹಿತ್ತಲಿನ ಎರಡು ಕ್ವಿಂಟಲ್ ಎಲೆಗೆ ಒಂದು ಬ್ಯಾರಲ್ಲಿಗಿಂತ ಸ್ವಲ್ಪ ಜಾಸ್ತಿ ನೀರು. ಒಂದೇ ಸಲ ಇಷ್ಟು ನೀರು ಹೊಂದಿಸುವುದು ಬೇಸಿಗೆಯಲ್ಲೂ ಅಸಾಧ್ಯವೇನಲ್ಲ. ತೊಂದರೆ ಬರುವುದು ಅದನ್ನು ಮತ್ತೆ ಮತ್ತೆ ಹಾಕಬೇಕಾದಾಗ. ತೆರೆದ ರಾಶಿಯಲ್ಲಿ ನಾವು ಹಾಕಿದ ನೀರನ್ನು ಮೇಲಿನಿಂದ ಬಿಸಿಲು, ಬದಿಯಿಂದ ಗಾಳಿ, ಒಳಗಿನಿಂದ ರಾಶಿಯದೇ ಕಾವು ಎತ್ತಿಕೊಂಡು ಹೋಗುತ್ತವೆ. ಕುಡಿಯುವ ನೀರಿಗೆ ಕೊಡ ಹಿಡಿದು ಸರದಿ ನಿಲ್ಲುವ ಮೇ ತಿಂಗಳಲ್ಲಿ ಎಲೆರಾಶಿಗೆ ವಾರಕ್ಕೊಮ್ಮೆ ನೀರು ಚಿಮುಕಿಸಿ ಎಂದು ಹೇಳಲು ಯಾರಿಗಾದರೂ ಬಾಯಿ ಹೇಗೆ ಬರಬೇಕು?

ಭಾರತದಲ್ಲಿ ಗೊಬ್ಬರದ ವಿಜ್ಞಾನ ಎರಡು ಊರುಗಳ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಮೊದಲನೆಯದು ಇಂದೋರ್. ಅಲ್ಲಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ 1931ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕಸಕಡ್ಡಿ, ಸೆಗಣಿ, ಗಂಜಲದ ಮಣ್ಣು, ಬೂದಿಗಳನ್ನು ಪದರ ಪದರವಾಗಿ ಹಾಕಿ, ಗಾಳಿಯಾಡಲು ಮೂರು ಸಲ ತಿರುವಿ, ತಿರುವಿದಾಗಲೆಲ್ಲ ನೀರು ಹಾಕಬೇಕು. ಮೂರು ತಿಂಗಳಿಗೆ ಸೊಗಸಾದ ಗೊಬ್ಬರ ಸಿದ್ಧವಾಗುತ್ತದೆ. ಇಂದೋರಿನ ಮಾಳವವೂ ನಮ್ಮಂತೆ ಎರೆಭೂಮಿಯ, ಹತ್ತಿಯ ನಾಡು. ಮಳೆ ಮಾತ್ರ ನಮಗಿಂತ ಹೆಚ್ಚು. ಹೊವಾರ್ಡ್ ಕೂಡ ಒಣಗಾಲದಲ್ಲಿ ಗುಂಡಿಯನ್ನೂ ಮಳೆಗಾಲದಲ್ಲಿ ನೆಲದ ಮೇಲಿನ ರಾಶಿಯನ್ನೂ ಬಳಸಿದರು ಎಂಬುದನ್ನು ಇಂದೋರ್ ವಿಧಾನದ ಭಕ್ತರು ಎಷ್ಟೋ ಸಲ ಮರೆಯುತ್ತಾರೆ. ಎರಡನೆಯ ಊರು ನಮ್ಮ ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ ವಿಧಾನವನ್ನು ಇಂದಿಗೂ ಜಗತ್ತು ಬೆಂಗಳೂರು ವಿಧಾನವೆಂದೇ ಕರೆಯುತ್ತದೆ. ಪಟ್ಟಣಗಳ ಕಸವನ್ನೂ ಮಲವನ್ನೂ ಒಟ್ಟಿಗೆ ವಿಲೇವಾರಿ ಮಾಡುವುದು ಅದರ ಮೂಲ ಉದ್ದೇಶ. ಉದ್ದನೆಯ ಗುಂಡಿಯಲ್ಲಿ ಪದರಗಳಾಗಿ ತುಂಬಿ, ಮೇಲೆ ಕೆಸರುಮಣ್ಣು ಮೆತ್ತಿ ಬಾಯಿ ಮುಚ್ಚಿಬಿಡುವುದು. ಮೊದಲ ಒಂದೆರಡು ವಾರ ಒಳಗೆ ಸಿಕ್ಕಿಬಿದ್ದ ಗಾಳಿಯಲ್ಲಿ ಕಾವೇರುತ್ತದೆ. ಗಾಳಿ ಮುಗಿದ ಮೇಲೆ ಗಾಳಿಯಿಲ್ಲದೆ ಬದುಕುವ ಜೀವಾಣುಗಳು ನಿಧಾನವಾಗಿ ಕೆಲಸ ಮುಂದುವರಿಸುತ್ತವೆ. ತಿರುವುವುದಿಲ್ಲ, ಮತ್ತೆ ನೀರು ಹಾಕುವುದಿಲ್ಲ. ಆರರಿಂದ ಎಂಟು ತಿಂಗಳು ಬೇಕು. ಮುಚ್ಚಿದ ಗುಂಡಿಯಾದ್ದರಿಂದ ಸಾರಜನಕ ಆವಿಯಾಗಿ ಹಾರಿಹೋಗುವುದೂ ಕಡಿಮೆ.

ಕೃಷಿಯ ಪುಸ್ತಕಗಳು ಈ ಎರಡನ್ನು ಹೋಲಿಸುವಾಗ ಬೆಂಗಳೂರು ವಿಧಾನದ ಎದುರು 'ಹೆಚ್ಚು ಸಮಯ ಹಿಡಿಯುತ್ತದೆ' ಎಂದು ಒಂದು ದೋಷ ಬರೆಯುತ್ತವೆ. ನಮ್ಮ ಪಂಚಾಂಗಕ್ಕೆ ಅದು ದೋಷವೇ ಅಲ್ಲ. ಮಾರ್ಚ್‌ನಲ್ಲಿ ಮುಚ್ಚಿದ ಗುಂಡಿ ದಸರೆ, ದೀಪಾವಳಿಯ ಹೊತ್ತಿಗೆ ಬಿಚ್ಚಲು ಬರುತ್ತದೆ. ಹಿಂಗಾರಿಯ ಮಳೆಗೆ ಹಿತ್ತಲಲ್ಲಿ ಮೆಂತೆ, ರಾಜಗಿರಿ, ಬದನೆ ಹಾಕುವವರಿಗೆ ಬೇಕಾಗಿರುವುದು ಆಗಲೇ. ಮೂರೇ ತಿಂಗಳಲ್ಲಿ ಗೊಬ್ಬರ ಕೈಗೆ ಬಂದಿದ್ದರೆ ಅದನ್ನು ಸುಡುಬಿಸಿಲಿನ ಜೂನ್ ಆರಂಭದಲ್ಲಿ ಎಲ್ಲಿ ಇಡುವುದು ಎಂಬ ಚಿಂತೆ ಹತ್ತುತ್ತಿತ್ತು. ಸಮಯ ನಮ್ಮಲ್ಲಿ ಅಗ್ಗ, ನೀರು ತುಟ್ಟಿ, ಬೇಸಿಗೆಯಲ್ಲಿ ಆಳಿನ ಕೈ ಅದಕ್ಕಿಂತ ತುಟ್ಟಿ. ಸಮಯ ಕೊಟ್ಟು ನೀರನ್ನೂ ದುಡಿಮೆಯನ್ನೂ ಉಳಿಸುವ ವಿಧಾನ ಬಯಲುಸೀಮೆಯ ವಿಧಾನ.

ಹಿತ್ತಲಿನ ಅಳತೆಗೆ ಅದನ್ನು ಹೀಗೆ ಇಳಿಸಿಕೊಳ್ಳಬಹುದು. ಐದಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳದ ಗುಂಡಿಯಲ್ಲಿ ತುಳಿದು ತುಂಬಿದರೆ ಎರಡು ಕ್ವಿಂಟಲಿನ ಆಸುಪಾಸು ಎಲೆ ಹಿಡಿಸುತ್ತದೆ. ಮಸಾರಿ ನೆಲದಲ್ಲಿ ಈ ಆಳ ನಡೆಯುತ್ತದೆ, ಮಳೆನೀರು ತಳದಲ್ಲಿ ಬಸಿದುಹೋಗುತ್ತದೆ. ಎರೆಭೂಮಿಯಲ್ಲಿ ಮಾತ್ರ ಬೇಡ. ಅಲ್ಲಿ ನೀರು ಬಸಿಯದೆ ಮಳೆಗಾಲದಲ್ಲಿ ಗುಂಡಿ ಕೆಸರುಬಾವಿಯಾಗುತ್ತದೆ, ಬೇಸಿಗೆಯಲ್ಲಿ ಬದಿ ಬಿರಿಯುತ್ತದೆ. ಎರೆಯವರು ಒಂದೂವರೆ ಅಡಿ ತೋಡಿ, ತೆಗೆದ ಮಣ್ಣನ್ನೇ ಸುತ್ತ ಬದುವಾಗಿ ಏರಿಸಿ, ರಾಶಿಯನ್ನು ನೆಲಮಟ್ಟಕ್ಕಿಂತ ಮೇಲಕ್ಕೆ ತರಬೇಕು. ಒಣ ಎಲೆಯ ಮೇಲೆ ಮೇಣದಂಥ ಪೊರೆ ಇರುವುದರಿಂದ ಸುರಿದ ನೀರು ಜಾರಿ ತಳಕ್ಕೆ ಹೋಗುತ್ತದೆ. ಆದ್ದರಿಂದ ಎಲೆಯನ್ನು ಮೊದಲು ಕಾಲಲ್ಲಿ ತುಳಿದೋ ಬಡಿದೋ ಪುಡಿಮಾಡಿ, ಸೆಗಣಿ ಕದಡಿದ ನೀರಿನಲ್ಲಿ ಅದ್ದಿ ಹಾಕುವುದು ಮೇಲು. ಅರ್ಧ ಅಡಿ ಎಲೆ, ಅದರ ಮೇಲೆ ಸೆಗಣಿ ರಾಡಿ, ಅದರ ಮೇಲೆ ಒಂದು ತೆಳು ಪದರ ಮಣ್ಣು, ಮತ್ತೆ ಎಲೆ. ನೆಲಮಟ್ಟದಿಂದ ಒಂದಡಿ ಮೇಲೆ ಬಂದ ಮೇಲೆ ಗೋಪುರದ ಹಾಗೆ ಇಳಿಜಾರು ಕೊಟ್ಟು, ವಾರದ ನಂತರ ಎರೆಮಣ್ಣು, ಸೆಗಣಿ, ಹೊಟ್ಟು ಕಲಸಿ ಹಗೇವಿನ ಬಾಯಿ ಮೆತ್ತಿದಂತೆ ಮೆತ್ತಬೇಕು. ಹೊಟ್ಟು ಹಾಕದಿದ್ದರೆ ಮೆತ್ತಿಗೆ ಬಿರುಕು ಬಿಡುತ್ತದೆ, ತೇವ ಆ ಬಿರುಕಿನಲ್ಲೇ ಹೊರಟುಹೋಗುತ್ತದೆ. ಮೆತ್ತುವ ಚಾಕರಿ ಬೇಡವೆನ್ನುವವರು ಹಳೆಯ ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಹೇರಬಹುದು. ನೀರಿಗೆ ಬಚ್ಚಲ ನೀರು ಆದೀತು. ಬಟ್ಟೆ ಒಗೆದ ಪುಡಿನೀರನ್ನು ಮಾತ್ರ ದೂರವಿಡಿ. ಅದರಲ್ಲಿರುವ ಸೋಡದ ಲವಣ ಮೊದಲೇ ಕ್ಷಾರದ ಕಡೆ ವಾಲಿರುವ ನಮ್ಮ ಮಣ್ಣಿಗೆ ಒಳ್ಳೆಯದಲ್ಲ.

ಇಲ್ಲಿ ಒಂದು ಹಳೆಯ ಆಕ್ಷೇಪ ಏಳುತ್ತದೆ. 'ಬೂದಿಯೂ ಗೊಬ್ಬರವೇ ಅಲ್ಲವೇ, ನಮ್ಮ ಹಿರಿಯರು ಬೂದಿ ಚೆಲ್ಲುತ್ತಿರಲಿಲ್ಲವೇ?' ಚೆಲ್ಲುತ್ತಿದ್ದರು, ನಿಜ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣ ಇದೆ. ಆದರೆ ಅದು ಒಲೆಯ ಬೂದಿ. ಅನ್ನ ಬೇಯಿಸಿದ ಬೆಂಕಿ ಉಳಿಸಿಹೋದದ್ದು. ಅಂಗಳದಲ್ಲಿ ಸುಟ್ಟ ಎಲೆಯಿಂದ ಅಡುಗೆಯೂ ಆಗುವುದಿಲ್ಲ. ಉರಿಯುವಾಗ ಎಲೆಯಲ್ಲಿದ್ದ ಇಂಗಾಲ ಮತ್ತು ಸಾರಜನಕ ಹೆಚ್ಚುಕಡಿಮೆ ಪೂರ್ತಿಯಾಗಿ, ಗಂಧಕದ ಬಹುಪಾಲು, ಹೊಗೆಯಾಗಿ ಹೊರಟುಹೋಗುತ್ತವೆ. ಉಳಿಯುವುದು ಕ್ಷಾರದ ಪುಡಿ. ಹುಳಿಮಣ್ಣಿನ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಆ ಕ್ಷಾರ ಉಪಕಾರಿ. ಮಣ್ಣಿನ ಹುಳಿ ಮುರಿಯುತ್ತದೆ. ನಮ್ಮ ಎರೆಮಣ್ಣು ಸುಣ್ಣದ ಹರಳು ಒಳಗೊಂಡದ್ದು, ಅದರ ರಸಸಾರ ಸಾಮಾನ್ಯವಾಗಿ 8ರ ಮೇಲೆ. ಅಂಥ ಮಣ್ಣಿಗೆ ಬೂದಿ ಹಾಕುವುದು ಉಪ್ಪಾದ ಸಾರಿಗೆ ಉಪ್ಪು ಸೇರಿಸಿದ ಲೆಕ್ಕ. ಕ್ಷಾರ ಹೆಚ್ಚಿದಷ್ಟೂ ಸತು, ಕಬ್ಬಿಣ ಬೇರಿಗೆ ಸಿಗದೆ ಮಣ್ಣಿನಲ್ಲೇ ಕಟ್ಟಿಹೋಗುತ್ತವೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಕರ್ನಾಟಕದ ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ವ್ಯಾಪಕವಾಗಿದೆ ಎಂದು ತೋರಿಸಿದವು. ಕೊಳೆತ ಎಲೆ ಸತು, ಕಬ್ಬಿಣಗಳನ್ನು ಬೇರಿಗೆ ಎಟುಕುವ ರೂಪದಲ್ಲಿ ಹಿಡಿದಿಡುತ್ತದೆ, ಬೂದಿ ಅದಕ್ಕೆ ವಿರುದ್ಧ. ಒಂದು ವಿನಾಯಿತಿ ಹೇಳಬೇಕು: ರೋಗ ಹತ್ತಿದ ಟೊಮೆಟೊ, ಮೆಣಸಿನ ಗಿಡಗಳ ಕಸವನ್ನು ಈ ಗುಂಡಿಗೆ ಹಾಕಬೇಡಿ. ಅದರ ಮಟ್ಟಿಗೆ ಬೆಂಕಿಯೇ ಸರಿ.

ಎರಡನೆಯ ಆಕ್ಷೇಪ ಗಂಭೀರವಾದದ್ದು: 'ಸೆಗಣಿ ಎಲ್ಲಿದೆ?' ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆಯಾದವು, ಎಷ್ಟೋ ಮನೆಗಳಲ್ಲಿ ಗೋದಲಿ ಖಾಲಿ. ಹಟ್ಟಿಹಬ್ಬಕ್ಕೆ ಪಾಂಡವರನ್ನು ಮಾಡಲು ಬೇಕಾದ ಒಂದು ಬುಟ್ಟಿ ಸೆಗಣಿಗೂ ನೆರೆಮನೆಗೆ ಹೋಗುವವರಿದ್ದಾರೆ. ಇಲ್ಲಿಯೂ ಲೆಕ್ಕವೇ ದಾರಿ ತೋರಿಸುತ್ತದೆ. 100 ಕಿಲೋ ಹಸಿ ಸೆಗಣಿಯಲ್ಲಿ 80 ಕಿಲೋದಷ್ಟು ನೀರೇ. ಸಾರಜನಕ ಅರ್ಧ ಕಿಲೋಕ್ಕೂ ಕಡಿಮೆ. ಒಂದು ಕಿಲೋ ಯೂರಿಯಾದಲ್ಲಿ 460 ಗ್ರಾಂ ಇದೆ. ಎಂದರೆ ಎಲೆಯ ಸಾರಜನಕದ ಹಸಿವು ತೀರಿಸುವುದಕ್ಕೆ ಮಾತ್ರವಾದರೆ ಕ್ವಿಂಟಲ್ ಎಲೆಗೆ ಒಂದು ಕಿಲೋ ಯೂರಿಯಾ ನೀರಲ್ಲಿ ಕರಗಿಸಿ ಹಾಕಿದರೂ ನಡೆಯುತ್ತದೆ. ಆಗ ಸೆಗಣಿ ಜೀವಾಣುಗಳ ಹೆಪ್ಪಿಗೆ ಬೇಕಾಗುವಷ್ಟು, ಒಂದೆರಡು ಬುಟ್ಟಿ ಸಾಕು. ಸೆಗಣಿ ಹೇರಳವಾಗಿ ಇದ್ದವರಿಗೆ ಇನ್ನೊಂದು ಲಾಭವಿದೆ: ಎಲೆಯಷ್ಟೇ ತೂಕದ ಸೆಗಣಿ ಹಾಕಿದರೆ ಅದರೊಳಗಿನ ನೀರೇ ಗುಂಡಿಗೆ ಬೇಕಾದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತುಂಬಿಕೊಡುತ್ತದೆ. ಯೂರಿಯಾದ ಹೆಸರು ಕೇಳಿದರೆ ಸಾವಯವ ಪಂಥದವರು ಮುಖ ಸಿಂಡರಿಸುತ್ತಾರೆ, ನನಗೆ ಗೊತ್ತು. ಅವರಿಗೆ ಬೇರೆ ದಾರಿಗಳೂ ಇವೆ. ಹೊಲದ ಬದುವಿನ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಅದರ ಹಸಿರೆಲೆಯ ಒಣತೂಕದಲ್ಲಿ ಶೇಕಡಾ 3ರ ಆಸುಪಾಸು ಸಾರಜನಕ ಇರುತ್ತದೆ. ಹೊಂಗೆಯ ಹಸಿ ಚಿಗುರೂ ಅಷ್ಟೇ ಸತ್ವದ್ದು. ಕೊನೆಗೆ, ಯಾರೂ ಬೇಡವೆನ್ನುವ ಕಾಂಗ್ರೆಸ್ ಕಸ. ಹೂ ಬಿಡುವ ಮುನ್ನ, ಕೈಗೆ ಚೀಲ ಸುತ್ತಿಕೊಂಡು ಕಿತ್ತು ಹಾಕಿದರೆ ಅದೂ ಒಳ್ಳೆಯ ಹಸಿರು ಸರಕು. ಹೂವಾದ ಮೇಲೆ ಬೇಡವೇ ಬೇಡ; ಮುಚ್ಚಿದ ಗುಂಡಿಯ ಕಾವು ಬಹಳ ದಿನ ಉಳಿಯುವುದಿಲ್ಲವಾದ್ದರಿಂದ ಬೀಜ ಸಾಯುತ್ತದೆಂಬ ಭರವಸೆ ಇಲ್ಲ. ಇದು ಬೆಂಗಳೂರು ವಿಧಾನದ ನಿಜವಾದ ದೋಷ, ಮುಚ್ಚಿಡಬೇಕಾದ್ದಿಲ್ಲ.

ಇನ್ನು ಸಣ್ಣಪುಟ್ಟ ಅನುಮಾನಗಳು. ಗೆದ್ದಲು ಬರುತ್ತದೆ ಎನ್ನುತ್ತಾರೆ. ಗೆದ್ದಲಿಗೆ ಬೇಕಾದದ್ದು ಒಣ ಕಟ್ಟಿಗೆ, ಒಣ ಎಲೆ. ನೀರುಂಡು ಕಾವೇರಿದ ರಾಶಿ ಅದಕ್ಕೆ ಒಗ್ಗುವುದಿಲ್ಲ. ಗುಂಡಿಯಲ್ಲಿ ಗೆದ್ದಲು ಕಂಡರೆ ಅದು ನೀರು ಸಾಲದೆಂಬುದರ ಸೂಚನೆ. ಹಾವು ಚೇಳಿನ ಭಯ ಸುಳ್ಳಲ್ಲ, ಆದರೆ ಅವು ಸೇರಿಕೊಳ್ಳುವುದು ತಿಂಗಳುಗಟ್ಟಲೆ ಸಡಿಲವಾಗಿ ಬಿದ್ದ ಒಣ ಗುಡ್ಡೆಯಲ್ಲಿ. ಅಂಥ ಗುಡ್ಡೆಗೆ ಕೈ ಹಾಕದೆ ಸಲಿಕೆ ಹಾಕಬೇಕು. ಬೇವಿನ ಎಲೆ ಕಹಿ, ಎರೆಹುಳು ಸಾಯುತ್ತದೆ ಎಂಬ ಮಾತಿಗೆ ಪುದುಚೇರಿಯಲ್ಲಿ ನಡೆದ ಪ್ರಯೋಗಗಳು ಉತ್ತರ ಕೊಟ್ಟಿವೆ: ಬೇವಿನ ಎಲೆ ತಿಂದ ಎರೆಹುಳುಗಳು ಚೆನ್ನಾಗಿಯೇ ಬೆಳೆದವು. ನೀಲಗಿರಿಯ ವಿಷಯ ಬೇರೆ. ಅದರ ಎಲೆಯ ಎಣ್ಣೆ, ದಪ್ಪ ತೊಗಲು ಕೊಳೆಯುವುದನ್ನು ನಿಧಾನಗೊಳಿಸುತ್ತವೆ, ಅರೆಕೊಳೆತ ಎಲೆ ಎಳೆ ಸಸಿಗಳನ್ನು ತಡೆಯುತ್ತದೆ. ನೀಲಗಿರಿಯನ್ನು ಉಳಿದ ಎಲೆಗಳ ಐದರಲ್ಲೊಂದು ಪಾಲು ಮೀರಿಸದಿರುವುದು ಜಾಣತನ. ಹುಣಸೆಯ ಸಣ್ಣ ಎಲೆ ಬೇಗ ಕರಗುತ್ತದೆ. ಗಾಳಿಯಿಲ್ಲದ ಗುಂಡಿಯಿಂದ ಮೀಥೇನ್ ಹೊರಟು ಭೂಮಿಯ ಬಿಸಿ ಏರಿಸುವುದಿಲ್ಲವೇ ಎಂದು ಓದಿದವರು ಕೇಳಬಹುದು. ಸ್ವಲ್ಪ ಹೊರಡುತ್ತದೆ, ಹೌದು. ತಿರುವಿದ ರಾಶಿ ಆ ಮಟ್ಟಿಗೆ ಶುದ್ಧ. ಆದರೆ ಡೋಣಿಯ ಬೇಸಿಗೆಯಲ್ಲಿ ಗುಂಡಿಗೆ ಎದುರಾಳಿಯಾಗಿ ನಿಂತಿರುವುದು ತಿರುವಿದ ರಾಶಿಯಲ್ಲ, ಬೆಂಕಿ. ಎಲೆಯ ಬೆಂಕಿಯೂ ಮೀಥೇನ್ ಬಿಡುತ್ತದೆ, ಜೊತೆಗೆ ಮಕ್ಕಳ ಎದೆಗೆ ಹೋಗುವ ಸಣ್ಣ ಕಣಗಳನ್ನೂ ಬಿಡುತ್ತದೆ.

ಡೋಣಿಯ ಮಾತು ಬಂದಾಗ ಗುಡ್ಡದ ಮಾತು ಬಾರದೆ ಇರುವುದಿಲ್ಲ. ಬೆನ್ನಿಗೇ ಕಪ್ಪತಗುಡ್ಡವಿದೆ, ಅಲ್ಲಿ ಎಲೆಗೆ ಬರವಿಲ್ಲ, ಪ್ರತಿ ಬೇಸಿಗೆ ಬೆಂಕಿ ಬಿದ್ದು ಅದು ಸುಟ್ಟೂ ಹೋಗುತ್ತದೆ, ಗಾಡಿಗಟ್ಟಲೆ ತಂದರೆ ತಪ್ಪೇನು ಎಂಬ ಯೋಚನೆ ಸಹಜ. ಇದಕ್ಕೆ ನನ್ನ ಉತ್ತರ: ತರಬಾರದು. 2015ರಲ್ಲಿ ಆ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿ, ಮರುವರ್ಷ ಘೋಷಣೆ ಹಿಂತೆಗೆದು, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಹೋರಾಡಿದ ಮೇಲೆ 2017ರಲ್ಲಿ ಮತ್ತೆ ಮೀಸಲೆಂದು ಒಪ್ಪಿ, ಕೊನೆಗೆ 2019ರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿಧಾಮವಾಗಿಸಿದ ಇತಿಹಾಸ ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ವನ್ಯಜೀವಿಧಾಮದಿಂದ ಪರವಾನಗಿಯಿಲ್ಲದೆ ಅರಣ್ಯದ ಉತ್ಪನ್ನ ತೆಗೆಯುವಂತಿಲ್ಲ ಎಂದು 1972ರ ಕಾಯ್ದೆ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಬೇಡವೆನ್ನುತ್ತಿದ್ದೆ. ಗುಡ್ಡದ ಇಳಿಜಾರಿನಲ್ಲಿ ಮಣ್ಣಿನ ಪದರವೇ ತೆಳು. ಮೊದಲ ಮಳೆಯ ಹೊಡೆತವನ್ನು ತಡೆದು ನೀರನ್ನು ಇಂಗಿಸುವುದು ಆ ಎಲೆಹಾಸು. ಅದನ್ನು ಕೆರೆದು ತಂದರೆ ಕೆಳಗಿನ ಬಾವಿ, ಹಳ್ಳಗಳ ಪಾಲನ್ನೇ ಕೆರೆದು ತಂದಂತೆ. ಬೆಂಕಿಯ ಭಯಕ್ಕೆ ಉತ್ತರ ಬೆಂಕಿರೇಖೆ ಮತ್ತು ಕಾವಲು, ಎಲೆ ಸಾಗಣೆಯಲ್ಲ. ಅಂಗಳದ ಎಲೆಗೆ ಈ ವಾದ ಹತ್ತುವುದಿಲ್ಲ. ಅಂಗಳ, ರಸ್ತೆ, ಶಾಲೆಯ ಬಯಲನ್ನು ನಾವು ಹೇಗೂ ಗುಡಿಸುತ್ತೇವೆ. ಆ ಎಲೆ ಮರದ ಬುಡಕ್ಕೆ ಮರಳುವ ದಾರಿಯನ್ನು ಮೊದಲೇ ಕಡಿದಿದ್ದೇವೆ.

ಹಾಗಾದರೆ ಊರೊಳಗಿನ ಎಲೆಯಿಂದ ಎಷ್ಟು ನೆಲ ತುಂಬೀತು? ಉತ್ಪ್ರೇಕ್ಷೆ ಬೇಡ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂಬ ಪ್ರಮಾಣ ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. ಅಷ್ಟು ಕಾಡು ಬೆನ್ನಿಗಿದ್ದರೆ ಮಾತ್ರ ಎಲೆ ಬೆಳೆಯನ್ನು ಸಾಕಬಲ್ಲದು. ಅಲ್ಲಿಯೂ ಸವರಿ ಸವರಿ ಬೋಳಾದ ಬೆಟ್ಟಗಳಿವೆ. ತರಕಾರಿಗೆ ಸಾಮಾನ್ಯವಾಗಿ ಹೇಳುವ ಹೆಕ್ಟೇರಿಗೆ 25 ಟನ್ ಗೊಬ್ಬರವನ್ನು ಸಣ್ಣ ಅಳತೆಗೆ ಇಳಿಸಿದರೆ ಗುಂಟೆಗೆ ಸುಮಾರು 250 ಕಿಲೋ. ಎರಡು ಕ್ವಿಂಟಲ್ ಎಲೆ, ಅಷ್ಟೇ ಸೆಗಣಿ ತುಂಬಿದ ಗುಂಡಿಯಿಂದ ತೇವ ಸೇರಿ 150ರಿಂದ 200 ಕಿಲೋ ಗೊಬ್ಬರ ನಿರೀಕ್ಷಿಸಬಹುದು. ಅಂದರೆ ಒಂದು ಮನೆಯ ಎಲೆ ಮುಕ್ಕಾಲು ಗುಂಟೆ ಹಿತ್ತಲಿಗೆ ಸಾಕು, ನಾಲ್ಕೆಕರೆ ಹೊಲದ ಮೂಲೆಗೂ ಸಾಲದು. ಈರುಳ್ಳಿ, ಮೆಣಸಿನಕಾಯಿ ಹೊಲಕ್ಕೆ ಎಲೆಗೊಬ್ಬರವೇ ಉತ್ತರ ಎಂದು ಹೇಳುವವರ ಮಾತಿಗೆ ನೀವು ನಕ್ಕರೆ ನಾನೂ ನಗುತ್ತೇನೆ. ಹೊಲದ ದಾರಿ ಕಣಿಕೆ, ಹತ್ತಿಕಟ್ಟಿಗೆ, ಕುರಿ ಕೂಡಿಸುವುದು, ಹಸಿರೆಲೆ ಗೊಬ್ಬರ. ಅದು ಇನ್ನೊಂದು ಭಾಷಣದ ವಿಷಯ. ಆದರೆ ಆ ಮುಕ್ಕಾಲು ಗುಂಟೆ ಕಡಿಮೆಯದಲ್ಲ. ಮನೆಯ ನುಗ್ಗೆ, ಕರಿಬೇವು, ಹೀರೆಯ ಬಳ್ಳಿ, ನಿತ್ಯದ ಪಲ್ಯದ ಸೊಪ್ಪು ಅಷ್ಟರಲ್ಲೇ ಬೆಳೆಯುತ್ತವೆ. ಗರಸು ಮಸಾರಿಯಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಕೊಳೆತ ಎಲೆಯ ಲಾಭ ಎರೆಗಿಂತ ಅಲ್ಲಿಯೇ ಬೇಗ ಕಾಣುತ್ತದೆ: ಅದೇ ಒಂದು ಕೊಡ ನೀರಿಗೆ ಗಿಡ ಇನ್ನೊಂದೆರಡು ದಿನ ಬಾಡದೆ ನಿಲ್ಲುತ್ತದೆ.

ಮನೆಯ ಎಲೆ ಮನೆಯವರದು. ರಸ್ತೆಯ, ಗುಡಿಯ, ಶಾಲೆಯ ಎಲೆ ಯಾರದು? ಮಾರ್ಚ್ ಪರೀಕ್ಷೆಯ ತಿಂಗಳು, ಶಾಲೆಯ ಮೇಲೆ ಈ ಭಾರ ಹೊರಿಸುವುದು ನ್ಯಾಯವಲ್ಲ. ಪಟ್ಟಣಗಳಲ್ಲಿ ಕಾನೂನು ಸ್ಪಷ್ಟವಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಕಸದ ಪ್ರಕರಣವೇ ಮುಂದುವರಿದು, 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ನಿಗದಿ ಮಾಡಿತು. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಎಲೆ ಸುಡುವವರನ್ನು ಹಿಡಿದು ದಂಡ ಹಾಕುವುದರಲ್ಲಿ ನನಗೆ ಆಸಕ್ತಿ ಕಡಿಮೆ. ಕಸ ಸುಡುವ ಕೈ ಹೆಚ್ಚಾಗಿ ಗುಡಿಸುವ ಪೌರಕಾರ್ಮಿಕರದೇ, ಮತ್ತು ಎಲೆಯನ್ನು ಒಯ್ಯಲು ಅವರಿಗೆ ಜಾಗ ತೋರಿಸಿದವರು ಇರುವುದಿಲ್ಲ. ಆ ಜಾಗ ತೋರಿಸುವುದು ಸ್ಥಳೀಯ ಆಡಳಿತದ ಕೆಲಸ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಊರ ಅಂಚಿನಲ್ಲಿ, ಟ್ಯಾಂಕಿನ ನಲ್ಲಿ ಸೋರುವ ಕಡೆ, ಎರಡು ಉದ್ದನೆಯ ಗುಂಡಿ ತೋಡಿಸಿದರೆ ಸಾಕು. ಒಂದು ಈ ವರ್ಷದ್ದು, ಇನ್ನೊಂದು ಬರುವ ವರ್ಷದ್ದು. ಗುಟ್ಕಾ ಚೀಟಿ, ಪ್ಲಾಸ್ಟಿಕ್ ಕೈಚೀಲ ಎಲೆಯೊಂದಿಗೆ ಬೆರೆಯುವುದು ಗುಡಿಸಿದ ಮೇಲೆ. ಅವನ್ನು ಆರಿಸುವುದಾದರೆ ಗುಡಿಸುವ ಮೊದಲೇ ಆರಿಸಬೇಕು, ಗುಂಡಿಯ ಬಾಯಲ್ಲಿ ನಿಂತು ಆರಿಸಲು ಯಾರಿಗೂ ಸಾಧ್ಯವಿಲ್ಲ. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಊರುಗಳಲ್ಲಿ ಇಟ್ಟಿಗೆಯ ಗೊಬ್ಬರದ ತೊಟ್ಟಿಗಳು ಎದ್ದಿವೆ. ಜಾಳಿಗೆಗೋಡೆಯ ಆ ತೊಟ್ಟಿ ಗಾಳಿಯಾಡಲೆಂದೇ ಕಟ್ಟಿದ್ದು, ಹಾಗಾಗಿ ನೀರನ್ನೂ ಬೇಗ ಕಳೆದುಕೊಳ್ಳುತ್ತದೆ. ಬೇಸಿಗೆಯ ಎಲೆ ತುಂಬುವುದಾದರೆ ಗೋಡೆಯ ಕಂಡಿಗಳನ್ನು ಹೊರಗಿನಿಂದ ಸೆಗಣಿಮಣ್ಣಿನಲ್ಲಿ ಮೆತ್ತಿ, ಮಳೆಗಾಲ ಬಂದ ಮೇಲೆ ಬಿಚ್ಚಿಕೊಳ್ಳಬಹುದು. ಹೊಸದಾಗಿ ಗುಂಡಿ ತೋಡುವವರು ಹಿಂಗಾರಿ ಮಳೆಯ ತೇವ ಆರುವ ಮುನ್ನ, ಅಂದರೆ ನವೆಂಬರ್ ತಿಂಗಳೊಳಗೆ ತೋಡಿ ಮುಗಿಸಿ. ಫೆಬ್ರವರಿಯಲ್ಲಿ ಮಸಾರಿ ನೆಲ ಹಾರೆಗೂ ಮಣಿಯುವುದಿಲ್ಲ, ಅಷ್ಟರಲ್ಲಿ ಅರಳಿಯ ಎಲೆ ಬೀಳತೊಡಗಿರುತ್ತದೆ.